ಕ್ಯಾಟಲಾಗಿನಲ್ಲಿ ಇಲ್ಲದ ಬ್ಯಾರಿ

ಕಾಸರಗೋಡು ಕಡೆಯ ಬ್ಯಾರಿಗಳ ಹಳೆಯ ಧ್ವನಿಮುದ್ರಣ ಏನಾದರೂ ಸಿಕ್ಕೀತೇ ಎಂದು ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿದ್ದೆ. ಅಲ್ಲಿನ ಕಂಪ್ಯೂಟರಿನಲ್ಲಿ ‘ಬ್ಯಾರಿ’ ಎಂದು ಹುಡುಕಿದರೆ ಸೊನ್ನೆ. ನಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೋ ಅಷ್ಟನ್ನೂ ಹಾಕಿ ನೋಡಿದೆ, ಸಿಗಲಿಲ್ಲ. ಕೊನೆಗೆ ಜಾತಿಯನ್ನು ಬಿಟ್ಟು ಊರು, ಕಸುಬು ಹಾಕಿದೆ. ಒಂದು ಕ್ಯಾಸೆಟ್ ಬಂತು: ಮಂಜೇಶ್ವರದ ಕಡೆಯ ಮಾಪಿಳ್ಳೆ ಅಜ್ಜಿ, ಬೀಡಿ ಕೆಲಸ, ಭಾಷೆ ಮಲಯಾಳ.

ಹೆಡ್‌ಫೋನ್ ಹಾಕಿ ಒಂದು ನಿಮಿಷ ಆಗಿರಲಿಕ್ಕಿಲ್ಲ, ನನ್ನ ಬೆಲಿಯುಮ್ಮನೇ ಎದುರು ಕೂತು ಮಾತಾಡಿದ ಹಾಗಾಯಿತು. ಟೈಪಾದ ಪ್ರತಿಯಲ್ಲಿ ‘ವಲಿಯ’ ಎಂದಿದೆ. ಅಜ್ಜಿ ಹೇಳಿದ್ದು ‘ಬೆಲಿಯ’. ಮಲಯಾಳದಲ್ಲಿ ಪದದ ಮೊದಲಿಗೆ ಬರುವ ‘ವ’ ನಮ್ಮಲ್ಲಿ ‘ಬ’ ಆಗುತ್ತದೆ. ‘ಳ’, ‘ಣ’ಗಳು ‘ಲ’, ‘ನ’ ಆಗುತ್ತವೆ. ಬರೆದುಕೊಂಡವರು ಅದನ್ನು ಓದಿಲ್ಲದವರ ತಪ್ಪು ಉಚ್ಚಾರ ಎಂದು ತಿಳಿದು ಸಾಲು ಸಾಲೂ ತಿದ್ದಿಬಿಟ್ಟಿದ್ದರು.

ಇದು ಬರೀ ಅಕ್ಷರದ ಮಾತಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಎಂದು 1967ರಲ್ಲಿ ಮಹಾಜನ ಆಯೋಗ ಹೇಳಿತು, ಜಾರಿಯಾಗಲಿಲ್ಲ. ಕನ್ನಡವೋ ಮಲಯಾಳವೋ ಎಂದು ತಲೆ ಎಣಿಸಿ ವಾದಿಸಿದ ಕಾಲ ಅದು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ನೆರೆಹೊರೆಯಲ್ಲಿ ತುಳು ಆಡುವವರನ್ನು ಯಾವ ಕಡೆಗೆ ಎಣಿಸುವುದು? ಕ್ಯಾಟಲಾಗು ಆ ಅಜ್ಜಿಯನ್ನು ಕೇಳದೆಯೇ ಎಣಿಸಿಬಿಟ್ಟಿತ್ತು.

‘ರಾಜ್ಯ ಬೇರೆಯಾದಾಗ ಏನನಿಸಿತು?’ ಎಂದು ಸಂದರ್ಶಕರು ಕೇಳುತ್ತಾರೆ. ಅಜ್ಜಿ ತಲಪಾಡಿಯಾಚೆ ಉಳ್ಳಾಲಕ್ಕೆ ಮದುವೆ ಮಾಡಿಕೊಟ್ಟ ಮಗಳ ಸುದ್ದಿ ತೆಗೆಯುತ್ತಾರೆ: ಅವಳ ಮಕ್ಕಳ ಶಾಲೆ, ರೇಷನ್ ಕಾರ್ಡು, ಬಸ್ಸು. ಪ್ರತಿಯಲ್ಲಿ ಆ ಜಾಗದಲ್ಲಿ ‘ವಿಷಯಾಂತರ’ ಎಂದು ಒಂದೇ ಪದ. ನನಗಂತೂ ಕೇಳಿದ ಪ್ರಶ್ನೆಗೆ ಅದೇ ಉತ್ತರ ಅನಿಸಿತು. ನೀವು ಹೋದರೆ ಪ್ರತಿ ಓದಿ ಎದ್ದು ಬರಬೇಡಿ, ಟೇಪನ್ನೇ ಕೇಳಿ. ಒಪ್ಪಿಗೆ ಪತ್ರವನ್ನೂ ಕೇಳಿ ನೋಡಿ. ಇವರದ್ದರಲ್ಲಿ ಹೆಬ್ಬೆಟ್ಟಿನ ಗುರುತಿತ್ತು, ಗ್ರಂಥಾಲಯದೊಳಗಿನ ಬಳಕೆಗೆ ಮಾತ್ರ ಎಂದಿತ್ತು. ಹೆಸರು ಬರೆಯದೆ ಇರುವುದು ಅದಕ್ಕೇ.

ಹೊರಡುವಾಗ ತಪ್ಪುಗಳ ಪಟ್ಟಿಯನ್ನು ಗ್ರಂಥಪಾಲಕರಿಗೆ ಕೊಟ್ಟೆ. ಅವರು ಬೇಸರಿಸದೆ ಕಾರ್ಡು ತೆಗೆದು, ‘ಮಲಯಾಳ’ದ ಪಕ್ಕ ಪೆನ್ಸಿಲಿನಲ್ಲಿ ‘ಬ್ಯಾರಿ’ ಎಂದು ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.