ಹುಂಜದ ಗರಿ, ಭೀಮೆಯ ನೀರು

ಭೀಮಾ ತೀರದಲ್ಲಿ ಮೀನು ಹಿಡಿಯುವವರಿಗೆ ಗರಿಯ ಗರಜು ಎಂದೂ ಬಿದ್ದಿಲ್ಲ. ನಮ್ಮ ಅಗರಖೇಡದಲ್ಲಿ ಅಂಬಿಗರ ಮನೆಯ ಹಿರಿಯರು ಬಲೆ ಬೀಸುತ್ತಿದ್ದರು. ಹುಡುಗರಾದ ನಾವು ಗಾಳಕ್ಕೆ ಎರೆಹುಳ ಸಿಕ್ಕಿಸುತ್ತಿದ್ದೆವು; ಹುಳ ಸಿಗದ ಬೇಸಿಗೆಯಲ್ಲಿ ಅವ್ವ ರೊಟ್ಟಿಗೆಂದು ನಾದಿಟ್ಟ ಜೋಳದ ಹಿಟ್ಟಿನಿಂದ ಒಂದು ಚೂರು ಕದ್ದು ಒಯ್ಯುತ್ತಿದ್ದೆವು. ಮೀನಿಗೆ ತಿನ್ನಲು ಕೊಟ್ಟು ಹಿಡಿಯುವುದು ನಮ್ಮ ಪದ್ಧತಿ. ತಿನ್ನಲು ಬಾರದ ಗರಿಯನ್ನು ನೂಲಿನಿಂದ ಗಾಳಕ್ಕೆ ಸುತ್ತಿ, ಅದನ್ನೇ ಹುಳವೆಂದು ಮೀನನ್ನು ನಂಬಿಸುವ ಕಲೆಯೊಂದಿದೆ ಎಂದು ನನಗೆ ಗೊತ್ತಾದದ್ದು ಹೊಲಿಗೆ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ, ಮೊಮ್ಮಗನ ಮೊಬೈಲಿನಲ್ಲಿ. ನೂಲು, ಗಂಟು ಎಂದರೆ ನನ್ನ ಕಸುಬೇ. ಕೂತೆ.

ತಿನ್ನಿಸಿ ಹಿಡಿಯುವ ಪದ್ಧತಿ ಅರಮನೆಯದೂ ಹೌದು. ನಮ್ಮ ಸೀಮೆಯನ್ನು ತರ್ದವಾಡಿ ಸಾಸಿರ ಎಂದು ಕರೆಯುತ್ತಿದ್ದ ಕಾಲದಲ್ಲಿ ಇದು ಕಲ್ಯಾಣದ ಚಾಲುಕ್ಯರ ನಾಡು. ಅವರಲ್ಲಿ ಮೂರನೆಯ ಸೋಮೇಶ್ವರ (ಆಳಿದ್ದು 1126ರಿಂದ 1138) ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗ. ಅರಸನ ವಿನೋದಗಳನ್ನು ಹೇಳುವ ಭಾಗದಲ್ಲಿ ಮತ್ಸ್ಯವಿನೋದವೂ ಒಂದು. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಏನು ತಿನ್ನಿಸಿ ಪಳಗಿಸಬೇಕು, ಕೋಲು, ದಾರ, ಗಾಳ ಹೇಗಿರಬೇಕು ಎಂದೆಲ್ಲ ಅದರಲ್ಲಿದೆ. ಮೀನುಶಾಸ್ತ್ರಜ್ಞ ಎಸ್.ಎಲ್. ಹೋರಾ 1951ರಲ್ಲಿ ಆ ಅಧ್ಯಾಯದ ಮೇಲೇ ಒಂದು ಲೇಖನ ಬರೆದರು. ವಚನಗಳ ನಾಡೆಂದು ಕಲ್ಯಾಣವನ್ನು ನೆನೆಯುವ ನಾವು ಅಲ್ಲಿನ ಅರಸನೊಬ್ಬ ಗಾಳ ಹಿಡಿದು ಕೂತಿದ್ದನ್ನು ಯಾಕೋ ನೆನೆಯುವುದಿಲ್ಲ.

ಗರಿಯ ಮೋಸ ಪಶ್ಚಿಮದ್ದು, ಅದೂ ಬಹಳ ಹಳೆಯದು. ಮ್ಯಾಸಿಡೋನಿಯದವರು ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ ಹುಂಜದ ಎರಡು ಗರಿ ಕಟ್ಟುತ್ತಿದ್ದರೆಂದು ಸುಮಾರು 1800 ವರ್ಷಗಳ ಹಿಂದೆಯೇ ಈಲಿಯನ್ ಎಂಬಾತ ಬರೆದಿಟ್ಟಿದ್ದಾನೆ. ನಮ್ಮ ದೇಶಕ್ಕೆ ಅದು ಬಂದದ್ದು ಕಂಪನಿ ಸರಕಾರದ ಸಾಹೇಬರ ಪೆಟ್ಟಿಗೆಯಲ್ಲಿ. ಅವರಿಗೆ ನಮ್ಮ ಮೀನುಗಳ ಹೆಸರು ಬೇಕಿತ್ತು. ಮುಂಬಯಿ ಸರಕಾರದ ಅಂಕಿಅಂಶ ಬರೆಯುತ್ತಿದ್ದ ಕರ್ನಲ್ ಸೈಕ್ಸ್ 1839ರಲ್ಲಿ ದಖನಿನ ಮೀನುಗಳ ವಿವರ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಖುದ್ರಿ ಎಂಬ ಮಹಶೀರ್ ಮೀನನ್ನು ಪುಣೆ ಹತ್ತಿರದ ಮುಳಾ-ಮುಠಾದಿಂದ, ಮುಸಲ್ಲಾ ಎಂಬುದನ್ನು ಶಿರೂರಿನ ಘೋಡ್ ನದಿಯಿಂದ ಗುರುತಿಸಿದ. ಎರಡೂ ಭೀಮೆಯನ್ನು ಸೇರುವ ನೀರು. ಅಂದರೆ ಜಗತ್ತಿನ ಗಾಳದ ಶೋಕಿಗಾರರು ಬಾಯಿಪಾಠ ಮಾಡುವ ಮೀನಿಗೆ ಶಾಸ್ತ್ರದ ಹೆಸರು ಸಿಕ್ಕಿದ್ದು ನಮ್ಮ ಹೊಳೆಯ ಮೇಲ್ಭಾಗದಲ್ಲೇ.

ಕೈಯಲ್ಲಿ ಕೋಲು ಹಿಡಿದವರ ಶಾಸ್ತ್ರ ಹುಟ್ಟಿದ್ದೂ ಕನ್ನಡ ನೆಲದಲ್ಲಿ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್‌ನ ‘ದಿ ರಾಡ್ ಇನ್ ಇಂಡಿಯಾ’ ಮೊದಲು ಹೊರಬಂದದ್ದು 1873ರಲ್ಲಿ, ಮಂಗಳೂರಿನಿಂದ. ಕೆರೆಯ ಮೀನಿಗೆಂದೇ 1887ರಲ್ಲಿ ಇನ್ನೊಂದು ಪುಸ್ತಕ ಬರೆದ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಆ ಪುಸ್ತಕಗಳಲ್ಲ, ಒಂದು ಗರಿ. ದಕ್ಷಿಣದ ಕಾಡುಗಳ ಬೂದು ಕಾಡುಕೋಳಿಯ ಹುಂಜನ ಕತ್ತಿನಲ್ಲಿ ಅರಗಿನ ಹನಿಯಂತೆ ಹೊಳೆಯುವ ಹಳದಿ ಮಚ್ಚೆಗಳ ಗರಿ ಇರುತ್ತವೆ. ಸ್ಕಾಟ್‌ಲೆಂಡಿನ ಸಾಮನ್ ಮೀನಿಗೆ ಕಟ್ಟುವ ‘ಜಾಕ್ ಸ್ಕಾಟ್’ ಎಂಬ ಹೆಸರುವಾಸಿ ಗರಿಗಾಳದ ಎರಡೂ ಪಕ್ಕಕ್ಕೆ ಇದೇ ಗರಿ ಬೇಕು. ಅಲ್ಲಿ ಅದು ಕಣ್ಣಿನ ಹಾಗೆ ಕಾಣುತ್ತದಂತೆ. ನಮ್ಮ ಘಟ್ಟದ ಹಕ್ಕಿಯ ಕತ್ತು ಹೀಗೆ ಹಡಗು ಹತ್ತಿತು. ಸಾಹೇಬರ ಟೋಪಿಗೂ ಮಡಮ್ಮನವರ ಹ್ಯಾಟಿಗೂ ಗರಿ ಹೋಗುತ್ತಿದ್ದ ಕಾಲ ಅದು. ಲೂಟಿ ಮಿತಿಮೀರಿದಾಗ 1902ರಲ್ಲಿ ಸರಕಾರವೇ ಹಕ್ಕಿಗರಿಯ ರಫ್ತನ್ನು ನಿಲ್ಲಿಸಿತು. ಆಮೇಲೆ 1972ರ ವನ್ಯಜೀವಿ ಕಾಯ್ದೆ ಬಂತು. ಈಗ ವಿಲಾಯಿತಿಯವರು ಈ ಕೋಳಿಯನ್ನು ತಾವೇ ಸಾಕಿ ಗರಿ ತೆಗೆಯುತ್ತಾರೆ. ಗಾಳ ಕಟ್ಟಿದವನ ಹೆಸರು ಇತಿಹಾಸದಲ್ಲಿ ಉಳಿಯಿತು. ಕಣ್ಣಿ ಹಾಕಿ ಕೋಳಿ ಹಿಡಿದುಕೊಟ್ಟವನದು ಎಲ್ಲೂ ಇಲ್ಲ.

ಕಲಿಯುವವನಿಗೆ ಕಾಡುಕೋಳಿಯ ಗೊಡವೆ ಬೇಡ. ಹಿತ್ತಲ ಹುಂಜ ಸಾಕು. ಹಬ್ಬಕ್ಕೆ ಕೊಯ್ದ ಮನೆಗಳಿಂದ ಕತ್ತಿನ ತೊಗಲನ್ನು ಗರಿ ಸಮೇತ ಕೇಳಿ ತಂದು ಉಪ್ಪು ಸವರಿ ಒಣಗಿಸುತ್ತೇನೆ. ಹೊಲಿಗೆ ಮಶೀನಿನ ಹಲಗೆಗೆ ಇಕ್ಕಳ ಬಿಗಿದು, ಅದರ ಬಾಯಲ್ಲಿ ಗಾಳ ಹಿಡಿಸಿ, ಜೇನುಮೇಣ ಸವರಿದ ನೂಲನ್ನು ಗಾಳದ ಕಣ್ಣಿನ ಹಿಂದಿನಿಂದ ಬಾಗಿನವರೆಗೆ ಒತ್ತೊತ್ತಾಗಿ ಸುತ್ತಬೇಕು. ಬಾಗಿನಲ್ಲಿ ನಾಲ್ಕು ಗರಿಯೆಳೆ ಬಾಲಕ್ಕೆ. ಕಂಬಳಿಯ ಉಣ್ಣೆ ಹೊಟ್ಟೆಗೆ. ಕಣ್ಣಿನ ಹತ್ತಿರ ಬಂದಾಗ ಕತ್ತಿನ ಗರಿಯೊಂದರ ಬುಡ ಕಟ್ಟಿ, ತುದಿ ಹಿಡಿದು ಮೂರು ಸುತ್ತು ತಿರುವಿದರೆ ಎಳೆಗಳು ಮುಳ್ಳಿನಂತೆ ನಾಲ್ಕೂ ಕಡೆ ನಿಲ್ಲುತ್ತವೆ. ಅವೇ ಹುಳದ ಕಾಲು. ಗಂಟು ಹಾಕಿ, ಸೊಸೆಯ ಉಗುರುಬಣ್ಣದ ಒಂದು ಹನಿ ಬಿಟ್ಟರೆ ಮುಗಿಯಿತು. ಬಲಿತ ಹುಂಜದ ಗರಿ ಬಿರುಸು, ನೀರಿನ ಮೇಲೆ ತೇಲಿಸುತ್ತದೆ. ಹೇಟೆಯ ಗರಿ ಮೆತ್ತಗೆ, ನೀರು ಕುಡಿದು ಮುಳುಗುತ್ತದೆ. ಬೇಕಾದ ಹುಳಕ್ಕೆ ತಕ್ಕ ಕೋಳಿ. ಕಲಿಯುವವರು ಸಾಮಾನ್ಯವಾಗಿ ಗಾಳದ ಕಣ್ಣಿನವರೆಗೂ ಸುತ್ತಿಬಿಡುತ್ತಾರೆ, ಆಮೇಲೆ ದಾರ ಪೋಣಿಸಲು ಜಾಗವೇ ಇರುವುದಿಲ್ಲ.

“ಏನ್ ಕಾಕಾ, ಮೀನಿಗಿ ಅಂಗಿ ಹೊಲ್ಯಾಕತ್ತೀರೇನ್ರಿ?” ಎಂದು ಓಣಿಯ ಹುಡುಗರು ನಗುತ್ತಾರೆ. ಅಳತೆ ಕೊಡದ ಗಿರಾಕಿ, ಏನು ಮಾಡುವುದು!

ಸಾಹೇಬರ ಗರಿ ಕಾವೇರಿ ಸೀಮೆಯಲ್ಲೂ ಹಿಟ್ಟನ್ನು ಗೆಲ್ಲಲಿಲ್ಲ. 1946ರ ಮಾರ್ಚ್ 22ರಂದು ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಎತ್ತಿದ. ಗಾಳಕ್ಕೆ ಬಿದ್ದ ಮಹಶೀರ್‌ಗಳಲ್ಲಿ ಅದೇ ಬಹುಕಾಲ ದಾಖಲೆಯಾಗಿ ಉಳಿಯಿತು. 1970ರ ದಶಕದ ಕೊನೆಗೆ ವಿಲಾಯಿತಿಯ ಶೋಕಿಗಾರರು ಮತ್ತೆ ಕಾವೇರಿಗೆ ಬಂದಾಗ, ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಊರವರು ಅವರ ಗಾಳಕ್ಕೆ ಮೆತ್ತಿಕೊಟ್ಟದ್ದು ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ಕಾವೇರಿ ವನ್ಯಧಾಮದೊಳಗೆ ಗಾಳ ಹಾಕುವುದು 2012ರ ಹೊತ್ತಿಗೆ ನಿಂತಿತು. ಅಲ್ಲಿನ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ತೀರಾ ಅಂಚಿನ ಪಟ್ಟಿಗೆ ಸೇರಿತು.

ಭೀಮೆಗೆ ಗರಿ ಯಾಕೆ ಬರಲಿಲ್ಲ ಎಂಬುದು ಹೊಳೆ ನೋಡಿದರೆ ತಿಳಿಯುತ್ತದೆ. ಗರಿಯನ್ನು ಮೀನು ಕಣ್ಣಿನಿಂದ ನೋಡಿ ಹಿಡಿಯಬೇಕು, ಹಿಟ್ಟನ್ನು ವಾಸನೆಯಿಂದ ಹುಡುಕಿಕೊಂಡು ಬರುತ್ತದೆ. ಎರೆಭೂಮಿ ತೊಳೆದು ಹರಿಯುವ ಮಳೆಗಾಲದ ಭೀಮೆಯಲ್ಲಿ ಗೇಣು ಆಳದ ಕೆಳಗೆ ಏನೂ ಕಾಣದು. 1980ರಲ್ಲಿ ಉಜನಿ ಅಣೆಕಟ್ಟು ಆದ ಮೇಲಂತೂ ನೀರು ಬರುವುದು ಹೋಗುವುದು ಮೇಲಿನವರ ಲೆಕ್ಕ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಮಡುಗಳಲ್ಲಿ ನೀರು ತಿಳಿಯಾಗುತ್ತದೆ, ಸಂಜೆ ಸಣ್ಣ ಬೆಳ್ಳಿಮೀನುಗಳು ಸೊಳ್ಳೆಗೆ ಪುಟಿಯುತ್ತವೆ. ಅವುಗಳ ಬಾಯಿ ಅಕ್ಕಿಕಾಳಿನಷ್ಟು. ಅದಕ್ಕೆ ತಕ್ಕ ಸಣ್ಣ ಗಾಳ ಇಂಡಿ ಪೇಟೆಯಲ್ಲಿ ಸಿಗುವುದಿಲ್ಲ, ಸೊಲ್ಲಾಪುರಕ್ಕೆ ಹೋಗುವವರ ಕೈಯಲ್ಲಿ ಹೇಳಿಕಳಿಸಿದ್ದೇನೆ.