ಸಂರಚಿತ ಹೆಡರ್ ಕ್ಷೇತ್ರ (ಪರ್ಲ್)

ಸಂರಚಿತ ಹೆಡರ್ ಕ್ಷೇತ್ರ ಎಂಬುದು ಇ-ಮೇಲ್ ಅಥವಾ ಮಿಂಚಂಚೆಯ ತಲೆಭಾಗದಲ್ಲಿ ನಿಗದಿತ ವ್ಯಾಕರಣಕ್ಕೆ ಒಳಪಟ್ಟು ಬರೆಯಲಾಗುವ ಸಾಲು. ಕಳುಹಿಸಿದವರು, ಪಡೆಯುವವರು, ದಿನಾಂಕ, ಅಡಕದ ಬಗೆ ಮೊದಲಾದ ವಿವರಗಳು ಇಂತಹ ಕ್ಷೇತ್ರಗಳಲ್ಲಿ ಇರುತ್ತವೆ. ಪರ್ಲ್ ಕ್ರಮವಿಧಿ ಭಾಷೆಯಲ್ಲಿ ಇವುಗಳನ್ನು ಓದಲು, ಬಿಡಿಸಲು ಮತ್ತು ಹೊಸದಾಗಿ ರಚಿಸಲು ಹಲವು ತಂತ್ರಾಂಶ ಸಂಗ್ರಹಗಳಿವೆ. ಅವುಗಳಲ್ಲಿ ಮೇಲ್::ಬಾಕ್ಸ್ ಕುಟುಂಬಕ್ಕೆ ಸೇರಿದ ಮೇಲ್::ಮೆಸೇಜ್::ಫೀಲ್ಡ್::ಸ್ಟ್ರಕ್ಚರ್ಡ್ ಎಂಬ ವರ್ಗವು ಈ ಕೆಲಸಕ್ಕೆಂದೇ ರೂಪುಗೊಂಡಿದೆ. ಕನ್ನಡದಲ್ಲಿ ಹೆಸರು, ವಿಷಯ ಹಾಗೂ ಕಡತನಾಮಗಳನ್ನು ಬರೆದು ಕಳುಹಿಸುವ ಇ-ಮೇಲ್‌ಗಳು ಓದುಗರಿಗೆ ಸರಿಯಾಗಿ ತಲಪುವುದು ಈ ಕ್ಷೇತ್ರಗಳ ನಿರ್ವಹಣೆಯನ್ನು ಅವಲಂಬಿಸಿದೆ.

ಹಿನ್ನೆಲೆ

ಇ-ಮೇಲ್ ಸಂದೇಶಕ್ಕೆ ಎರಡು ಭಾಗಗಳಿವೆ: ಹೆಡರ್ ಮತ್ತು ಒಡಲು. ಇವೆರಡನ್ನು ಒಂದು ಖಾಲಿ ಸಾಲು ಬೇರ್ಪಡಿಸುತ್ತದೆ. ಅಂಚೆ ಲಕೋಟೆಯ ಹೊರಗೆ ವಿಳಾಸವಿದ್ದು ಒಳಗೆ ಪತ್ರವಿರುವಂತೆ ಎಂದು ಇದನ್ನು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಆದರೆ ನಿಜವಾದ ಲಕೋಟೆಯ ಪಾತ್ರವನ್ನು ಎಸ್‌ಎಂಟಿಪಿ ಎಂಬ ರವಾನೆ ನಿಯಮಾವಳಿಯು ಪ್ರತ್ಯೇಕವಾಗಿ ನಿರ್ವಹಿಸುತ್ತದೆ. ಹೆಡರ್ ಎಂಬುದು ಪತ್ರದ ಹಾಳೆಯ ಮೇಲ್ತುದಿಯಲ್ಲಿ ಬರೆಯುವ 'ಇಂದ', 'ಗೆ', 'ದಿನಾಂಕ', 'ವಿಷಯ' ಎಂಬ ಸಾಲುಗಳಿಗೆ ಹೆಚ್ಚು ಹತ್ತಿರವಾದುದು.

ಹೆಡರ್‌ನ ಸ್ವರೂಪವನ್ನು 1982ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 822 ಎಂಬ ದಾಖಲೆಯು ವಿಧಿಸಿತು. ಅದನ್ನು 2001ರ ಆರ್‌ಎಫ್‌ಸಿ 2822 ಹಾಗೂ 2008ರ ಆರ್‌ಎಫ್‌ಸಿ 5322 ಪರಿಷ್ಕರಿಸಿದವು. ಈ ದಾಖಲೆಗಳ ಪ್ರಕಾರ ಪ್ರತಿಯೊಂದು ಕ್ಷೇತ್ರವು ಹೆಸರು, ವಿವರಣ ಚಿಹ್ನೆ ಮತ್ತು ಮೌಲ್ಯ ಎಂಬ ಕ್ರಮದಲ್ಲಿ ಇರಬೇಕು. ಒಂದು ಸಾಲು 78 ಅಕ್ಷರಗಳನ್ನು ಮೀರದಿರುವುದು ಒಳಿತು. 998 ಅಕ್ಷರಗಳನ್ನು ಮೀರಲೇಬಾರದು. ಉದ್ದವಾದ ಕ್ಷೇತ್ರವನ್ನು ಮಡಚಿ ಮುಂದಿನ ಸಾಲಿಗೆ ಒಯ್ಯಬಹುದು. ಹಾಗೆ ಮುಂದುವರಿದ ಸಾಲು ಖಾಲಿ ಜಾಗದಿಂದ ಆರಂಭವಾಗಬೇಕು.

ಎರಡು ಬಗೆಯ ಕ್ಷೇತ್ರಗಳು

ಹೆಡರ್ ಕ್ಷೇತ್ರಗಳು ಅಸಂರಚಿತ ಮತ್ತು ಸಂರಚಿತ ಎಂದು ಎರಡು ಬಗೆಯಾಗಿವೆ.

ಅಸಂರಚಿತ ಕ್ಷೇತ್ರಕ್ಕೆ 'ಸಬ್ಜೆಕ್ಟ್' ಅಂದರೆ ವಿಷಯದ ಸಾಲು ಉತ್ತಮ ಉದಾಹರಣೆ. ಅಲ್ಲಿ ಬರೆದುದೆಲ್ಲವೂ ಮನುಷ್ಯರು ಓದುವ ಪಠ್ಯವೇ. ಅಲ್ಪವಿರಾಮಕ್ಕಾಗಲಿ ಆವರಣ ಚಿಹ್ನೆಗಾಗಲಿ ಅಲ್ಲಿ ವಿಶೇಷಾರ್ಥವಿಲ್ಲ.

ಸಂರಚಿತ ಕ್ಷೇತ್ರಗಳಲ್ಲಿ 'ಫ್ರಮ್', 'ಟು', 'ಸಿಸಿ', 'ಡೇಟ್', 'ಮೆಸೇಜ್-ಐಡಿ', 'ಕಂಟೆಂಟ್-ಟೈಪ್' ಮುಖ್ಯವಾದವು. ಇಲ್ಲಿ ಚಿಹ್ನೆಗಳಿಗೆ ವ್ಯಾಕರಣದ ಬೆಲೆ ಇದೆ. ವಿಳಾಸದ ಕ್ಷೇತ್ರದಲ್ಲಿ ಅಲ್ಪವಿರಾಮವು ಒಬ್ಬ ಸ್ವೀಕೃತಿದಾರನನ್ನು ಇನ್ನೊಬ್ಬನಿಂದ ಬೇರ್ಪಡಿಸುತ್ತದೆ. ಕೋನಾವರಣದೊಳಗೆ ಇರುವುದು ವಿಳಾಸ, ಅದಕ್ಕೆ ಮೊದಲು ಇರುವುದು ತೋರಿಕೆಯ ಹೆಸರು. ದುಂಡಾವರಣದೊಳಗಿನದು ಟಿಪ್ಪಣಿ, ಒಂದು ಟಿಪ್ಪಣಿಯೊಳಗೆ ಇನ್ನೊಂದು ಟಿಪ್ಪಣಿಯೂ ಇರಬಹುದು. ಉದ್ಧರಣ ಚಿಹ್ನೆಗಳ ನಡುವೆ ಇರುವ ಅಲ್ಪವಿರಾಮಕ್ಕೆ ಬೇರ್ಪಡಿಸುವ ಶಕ್ತಿ ಇರುವುದಿಲ್ಲ. 'ಕಂಟೆಂಟ್-ಟೈಪ್' ಕ್ಷೇತ್ರದಲ್ಲಿ ಮುಖ್ಯ ಮೌಲ್ಯದ ಬಳಿಕ ಅರ್ಧವಿರಾಮ ಬಂದು, ಅದರ ನಂತರ ಲಿಪಿಸಂಕೇತದ ಹೆಸರಿನಂತಹ ಗುಣಗಳು ಜೋಡಿ ಜೋಡಿಯಾಗಿ ಬರುತ್ತವೆ.

ದಿನಾಂಕದ ಕ್ಷೇತ್ರದಲ್ಲಿ ವಾರ ಹಾಗೂ ತಿಂಗಳ ಹೆಸರುಗಳು ಮೂರಕ್ಷರದ ಇಂಗ್ಲಿಷ್ ಸಂಕ್ಷಿಪ್ತರೂಪಗಳೇ ಆಗಿರಬೇಕು. ಭಾರತೀಯ ಕಾಲಮಾನವನ್ನು +0530 ಎಂದು ಸೂಚಿಸಲಾಗುತ್ತದೆ. ಪರ್ಲ್‌ನ ದಿನಾಂಕ ರೂಪಿಸುವ ಸಾಮಾನ್ಯ ಕಾರ್ಯವು ಗಣಕದ ಪ್ರಾದೇಶಿಕ ಹೊಂದಾಣಿಕೆಯನ್ನು ಅನುಸರಿಸಬಲ್ಲದು. ಹೊಂದಾಣಿಕೆ ಕನ್ನಡಕ್ಕೆ ಇದ್ದಲ್ಲಿ ತಿಂಗಳ ಹೆಸರು ಕನ್ನಡದಲ್ಲಿ ಮೂಡಿ, ಕ್ಷೇತ್ರವು ನಿಯಮಬಾಹಿರವಾಗುವ ಸಂಭವವಿದೆ. ಸಂರಚಿತ ಕ್ಷೇತ್ರದಲ್ಲಿ ಯಾವುದು ಮನುಷ್ಯರಿಗಾಗಿ, ಯಾವುದು ಯಂತ್ರಕ್ಕಾಗಿ ಎಂಬ ವಿವೇಚನೆ ಅಗತ್ಯವೆಂಬುದನ್ನು ಇದು ತೋರಿಸುತ್ತದೆ.

ಪರ್ಲ್ ಭಾಷೆಯಲ್ಲಿ ಇ-ಮೇಲ್

ಲ್ಯಾರಿ ವಾಲ್ 1987ರಲ್ಲಿ ಬಿಡುಗಡೆ ಮಾಡಿದ ಪರ್ಲ್, ಪಠ್ಯವನ್ನು ಸಂಸ್ಕರಿಸುವ ಸಾಮರ್ಥ್ಯದಿಂದಾಗಿ ಇ-ಮೇಲ್ ಕೆಲಸಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ಬೇಡದ ಅಂಚೆಯನ್ನು ಸೋಸುವ ಸ್ಪ್ಯಾಮ್‌ಅಸ್ಯಾಸಿನ್ ತಂತ್ರಾಂಶವೂ ಇದೇ ಭಾಷೆಯಲ್ಲಿದೆ. ಸಿಪ್ಯಾನ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಇ-ಮೇಲ್‌ಗೆ ಸಂಬಂಧಿಸಿದ ಹಲವು ಸಂಗ್ರಹಗಳು ಉಚಿತವಾಗಿ ದೊರೆಯುತ್ತವೆ. ಗ್ರಹಾಂ ಬಾರ್ ಆರಂಭಿಸಿದ ಮೇಲ್‌ಟೂಲ್ಸ್, ಸೈಮನ್ ಕಜ಼ನ್ಸ್ ಆರಂಭಿಸಿದ ಇಮೇಲ್::ಸಿಂಪಲ್ ಮತ್ತು ಇಮೇಲ್::ಮೈಮ್, ಮಾರ್ಕ್ ಓವರ್‌ಮೀರ್ ರಚಿಸಿದ ಮೇಲ್::ಬಾಕ್ಸ್ ಇವುಗಳಲ್ಲಿ ಪ್ರಸಿದ್ಧವಾದವು.

2002ರಲ್ಲಿ ಹೊರಬಂದ ಪರ್ಲ್ 5.8 ಆವೃತ್ತಿಯು ಎನ್‌ಕೋಡ್ ಎಂಬ ಘಟಕವನ್ನು ಒಳಗೊಂಡಿತ್ತು. ಯೂನಿಕೋಡ್ ಲಿಪಿಗಳನ್ನು ಪರ್ಲ್‌ನಲ್ಲಿ ವ್ಯವಸ್ಥಿತವಾಗಿ ಬಳಸುವುದು ಇದರಿಂದ ಸುಲಭವಾಯಿತು.

ಮೇಲ್::ಮೆಸೇಜ್::ಫೀಲ್ಡ್ ಕುಟುಂಬ

ಮೇಲ್::ಬಾಕ್ಸ್‌ನಲ್ಲಿ ಪ್ರತಿಯೊಂದು ಹೆಡರ್ ಕ್ಷೇತ್ರವೂ ಒಂದು ವಸ್ತುವಾಗಿರುತ್ತದೆ. ಸಂದೇಶವನ್ನು ಓದುವಾಗ ಎಲ್ಲ ಕ್ಷೇತ್ರಗಳನ್ನೂ ಪೂರ್ಣವಾಗಿ ಬಿಡಿಸುವುದು ಶ್ರಮದಾಯಕವಾದ್ದರಿಂದ, ಮೊದಲು 'ಫಾಸ್ಟ್' ಎಂಬ ಹಗುರವಾದ ವರ್ಗದಲ್ಲಿ ಅವುಗಳನ್ನು ಇರಿಸಲಾಗುತ್ತದೆ. ಆಳವಾದ ವಿಶ್ಲೇಷಣೆ ಬೇಕಾದಾಗ 'ಸ್ಟಡಿ' ಎಂಬ ವಿಧಾನವನ್ನು ಕರೆದರೆ, ಆ ಕ್ಷೇತ್ರವು 'ಫುಲ್' ವರ್ಗಕ್ಕೆ ಸೇರಿದ ವಸ್ತುವಾಗಿ ದೊರೆಯುತ್ತದೆ. 'ಫುಲ್' ವರ್ಗದಿಂದ ಅಸಂರಚಿತ ಹಾಗೂ ಸಂರಚಿತ ಎಂಬ ಎರಡು ಕವಲುಗಳು ಹೊರಡುತ್ತವೆ.

ಸಂರಚಿತ ಕವಲಿನಲ್ಲಿ ಬಳಕೆಯನ್ನನುಸರಿಸಿ ಉಪವರ್ಗಗಳಿವೆ:

• ಅಡ್ರೆಸಸ್: ಕಳುಹಿಸಿದವರ ಹಾಗೂ ಪಡೆಯುವವರ ವಿಳಾಸಗಳಿಗೆ.
• ಡೇಟ್: ದಿನಾಂಕ ಮತ್ತು ವೇಳೆಗೆ.
• ಯುಆರ್‌ಐಸ್: ಅಂಚೆಪಟ್ಟಿಗೆ ಸೇರುವ, ಪಟ್ಟಿಯಿಂದ ಹೊರಬರುವ ಕೊಂಡಿಗಳಿರುವ ಕ್ಷೇತ್ರಗಳಿಗೆ.
• ಆಥ್‌ರಿಸಲ್ಟ್ಸ್: ಕಳುಹಿಸಿದವರ ಸತ್ಯಾಸತ್ಯತೆಯನ್ನು ಸರ್ವರ್ ಪರೀಕ್ಷಿಸಿದ ಫಲಿತಾಂಶಕ್ಕೆ.

ಸಂರಚಿತ ವರ್ಗದ 'ಡೇಟಂ' ವಿಧಾನವು ಕ್ಷೇತ್ರದ ಮುಖ್ಯ ಮೌಲ್ಯವನ್ನು ನೀಡುತ್ತದೆ. 'ಆಟ್ರಿಬ್ಯೂಟ್' ವಿಧಾನವು ಹೆಸರಿಸಿದ ಒಂದು ಗುಣವನ್ನು ಓದುತ್ತದೆ ಅಥವಾ ಬದಲಿಸುತ್ತದೆ. 'ಬ್ಯೂಟಿಫೈ' ವಿಧಾನವು ಮೂಲದಲ್ಲಿ ಬಂದ ಬರಹದ ರೂಪವನ್ನು ಬದಿಗಿರಿಸುವುದರಿಂದ, ಮುಂದೆ ಕೇಳಿದಾಗ ಕ್ಷೇತ್ರವು ನಿಯಮಬದ್ಧ ರೂಪದಲ್ಲಿ ಹೊಸದಾಗಿ ಸಿದ್ಧವಾಗುತ್ತದೆ. ಈ ವಿಧಾನಗಳಿರುವುದರಿಂದ ಕ್ರಮವಿಧಿಕಾರರು ಚಿಹ್ನೆಗಳನ್ನು ತಾವೇ ಹುಡುಕಿ ಸಾಲನ್ನು ತುಂಡರಿಸುವ ಅಗತ್ಯವಿರುವುದಿಲ್ಲ.

ಕನ್ನಡ ಲಿಪಿಯ ಸಂಕೇತನ

ಆರಂಭಿಕ ನಿಯಮಗಳ ಪ್ರಕಾರ ಹೆಡರ್‌ನಲ್ಲಿ ಆಸ್ಕಿ ಎಂಬ 128 ಸಂಕೇತಗಳ ಪಟ್ಟಿಗೆ ಸೇರಿದ ಅಕ್ಷರಗಳಿಗೆ ಮಾತ್ರ ಅವಕಾಶವಿತ್ತು. ಕನ್ನಡವು ಈ ಪಟ್ಟಿಯಲ್ಲಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಸ್ಥಾನಗಳನ್ನು ಮೀಸಲಿಡಲಾಗಿದೆ. ಯುಟಿಎಫ್-8 ಕ್ರಮದಲ್ಲಿ ಇವುಗಳಲ್ಲಿ ಪ್ರತಿಯೊಂದು ಸಂಕೇತಕ್ಕೂ 3 ಬೈಟ್‌ಗಳು ಬೇಕು.

ಆಸ್ಕಿಯಲ್ಲದ ಲಿಪಿಗಳನ್ನು ಹೆಡರ್‌ನಲ್ಲಿ ಸಾಗಿಸಲು 1996ರ ಆರ್‌ಎಫ್‌ಸಿ 2047 'ಸಂಕೇತಿತ ಪದ' ಎಂಬ ಕ್ರಮವನ್ನು ವಿಧಿಸುತ್ತದೆ. ಅದರಲ್ಲಿ ಲಿಪಿಸಂಕೇತದ ಹೆಸರು, ಸಂಕೇತನದ ಬಗೆ ಹಾಗೂ ಆಸ್ಕಿಗೆ ಪರಿವರ್ತಿಸಿದ ಪಠ್ಯ ಇರುತ್ತವೆ. ಸಂಕೇತನಕ್ಕೆ 'ಬಿ' ಮತ್ತು 'ಕ್ಯೂ' ಎಂಬ ಎರಡು ಬಗೆಗಳಿವೆ.

ಮಂಗಳೂರು ವಿಮಾನ ನಿಲ್ದಾಣದಿಂದಾಗಿ ಪರಿಚಿತವಾದ 'ಬಜಪೆ' ಎಂಬ ಊರಿನ ಹೆಸರನ್ನು ಉದಾಹರಣೆಯಾಗಿ ನೋಡಬಹುದು. ಓದುವಾಗ ಇದರಲ್ಲಿ 3 ಅಕ್ಷರಗಳಿವೆ. 'ಪೆ' ಎಂಬುದು ವ್ಯಂಜನ ಮತ್ತು ಸ್ವರಚಿಹ್ನೆ ಸೇರಿ ಆದುದರಿಂದ ಯೂನಿಕೋಡ್ ಲೆಕ್ಕದಲ್ಲಿ 4 ಸಂಕೇತಗಳಾಗುತ್ತವೆ. ಯುಟಿಎಫ್-8ರಲ್ಲಿ 12 ಬೈಟ್‌ಗಳಾಗುತ್ತವೆ. 'ಬಿ' ಬಗೆಯಲ್ಲಿ ಈ 12 ಬೈಟ್‌ಗಳು 16 ಆಸ್ಕಿ ಅಕ್ಷರಗಳಾಗುತ್ತವೆ. 'ಕ್ಯೂ' ಬಗೆಯಲ್ಲಿ ಒಂದೊಂದು ಬೈಟ್‌ಗೂ 3 ಅಕ್ಷರಗಳು ಬೇಕಾಗಿ ಒಟ್ಟು 36 ಆಗುತ್ತವೆ. ಎರಡರಲ್ಲಿಯೂ ಯುಟಿಎಫ್-8 ಎಂಬ ಹೆಸರು ಹಾಗೂ ಚಿಹ್ನೆಗಳಿಗಾಗಿ ಇನ್ನೂ 12 ಅಕ್ಷರಗಳು ಸೇರಿ, ಕ್ರಮವಾಗಿ 28 ಮತ್ತು 48 ಅಕ್ಷರಗಳ ಸಂಕೇತಿತ ಪದಗಳು ದೊರೆಯುತ್ತವೆ. ಕನ್ನಡಕ್ಕೆ 'ಬಿ' ಬಗೆಯು ಮಿತವ್ಯಯದ್ದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಒಂದು ಸಂಕೇತಿತ ಪದವು 75 ಅಕ್ಷರಗಳನ್ನು ಮೀರಬಾರದು. ಆದ್ದರಿಂದ 'ಬಿ' ಬಗೆಯಲ್ಲಿ ಒಂದು ಪದಕ್ಕೆ ಕನ್ನಡದ 15 ಸಂಕೇತಗಳು, 'ಕ್ಯೂ' ಬಗೆಯಲ್ಲಿ 7 ಸಂಕೇತಗಳು ಮಾತ್ರ ಹಿಡಿಯುತ್ತವೆ. ಹೆಚ್ಚಿನದನ್ನು ಇನ್ನೊಂದು ಪದಕ್ಕೆ ಒಯ್ಯಬೇಕು. ಹಾಗೆ ಒಡೆಯುವಾಗ ಒಂದು ಸಂಕೇತದ 3 ಬೈಟ್‌ಗಳನ್ನು ಬೇರೆ ಬೇರೆ ಪದಗಳಿಗೆ ಹಂಚುವಂತಿಲ್ಲ. ಈ ನಿಯಮವನ್ನು ಮುರಿದರೆ ಪದಗಳು ಸೇರುವ ಎಡೆಯಲ್ಲಿ ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆ ಅಥವಾ ಚೌಕ ಕಾಣಿಸಬಹುದು. ಅಕ್ಕಪಕ್ಕದ ಎರಡು ಸಂಕೇತಿತ ಪದಗಳ ನಡುವಿನ ಖಾಲಿ ಜಾಗವನ್ನು ಓದುವ ತಂತ್ರಾಂಶವು ಕೈಬಿಡುತ್ತದೆ; ಆದ್ದರಿಂದ ವ್ಯಂಜನ ಒಂದರಲ್ಲಿ, ಸ್ವರಚಿಹ್ನೆ ಇನ್ನೊಂದರಲ್ಲಿ ಇದ್ದರೂ ಬಿಡಿಸಿದ ಬಳಿಕ ಅವು ಮತ್ತೆ ಕೂಡಿಕೊಳ್ಳುತ್ತವೆ.

ಬಿಡಿಸುವ ಕ್ರಮ ಮತ್ತು ಅದರ ಮಹತ್ವ

ಸಂಕೇತಿತ ಪದವು ತೋರಿಕೆಯ ಹೆಸರಿನಲ್ಲಿ ಹಾಗೂ ಟಿಪ್ಪಣಿಯಲ್ಲಿ ಬರಬಹುದು. ವಿಳಾಸದೊಳಗೆ ಮತ್ತು ಉದ್ಧರಣ ಚಿಹ್ನೆಗಳೊಳಗೆ ಬರುವಂತಿಲ್ಲ. ಆದುದರಿಂದ ಇಡೀ 'ಫ್ರಮ್' ಸಾಲನ್ನು ಒಟ್ಟಾಗಿ ಸಂಕೇತಿಸುವುದು ತಪ್ಪು. ಹಾಗೆ ಮಾಡಿದರೆ ವಿಳಾಸವೂ ಸಂಕೇತದೊಳಗೆ ಮುಚ್ಚಿಹೋಗಿ, ಪಡೆದವರು ಉತ್ತರಿಸಲಾಗದ ಸ್ಥಿತಿ ಉಂಟಾಗುತ್ತದೆ.

ಓದುವಾಗ ಮೊದಲು ರಚನೆಯನ್ನು ಗುರುತಿಸಿ, ಬಳಿಕ ಸಂಕೇತವನ್ನು ಬಿಡಿಸಬೇಕು. 'ಗ್ರಂಥಾಲಯ, ಬಜಪೆ' ಎಂಬ ಕಾಲ್ಪನಿಕ ತೋರಿಕೆಯ ಹೆಸರನ್ನು ಪರಿಗಣಿಸಬಹುದು. ಸಂಕೇತಿತ ಪದದಲ್ಲಿ ಅದರ ಅಲ್ಪವಿರಾಮವು ಮರೆಯಾಗಿರುತ್ತದೆ. ಮೊದಲೇ ಸಂಕೇತ ಬಿಡಿಸಿ ಆಮೇಲೆ ಅಲ್ಪವಿರಾಮದಲ್ಲಿ ಸಾಲನ್ನು ಒಡೆದರೆ, ಒಂದೇ ಹೆಸರು ಇಬ್ಬರದಾಗಿ ತೋರುತ್ತದೆ ಮತ್ತು ಮೊದಲನೆಯದಕ್ಕೆ ವಿಳಾಸವೇ ಇರುವುದಿಲ್ಲ. ದುರುದ್ದೇಶದಿಂದ ಹೆಸರಿನೊಳಗೆ ಇನ್ನೊಂದು ವಿಳಾಸವನ್ನು ಅಡಗಿಸಿ ಕಳುಹಿಸಿದಲ್ಲಿ, ಈ ತಪ್ಪು ಕ್ರಮವು ಓದುಗರನ್ನು ಮೋಸಕ್ಕೆ ಒಡ್ಡುತ್ತದೆ.

ಜಾಲತಾಣದ ನಮೂನೆಗಳಲ್ಲಿ ಸಾರ್ವಜನಿಕರು ತುಂಬಿದ ಹೆಸರನ್ನು ನೇರವಾಗಿ ಹೆಡರ್‌ಗೆ ಸೇರಿಸುವುದೂ ಅಪಾಯಕಾರಿ. ಆ ಹೆಸರಿನಲ್ಲಿ ಸಾಲು ಮುರಿಯುವ ಸಂಕೇತವಿದ್ದರೆ, ಅದರ ಮುಂದಿನ ಭಾಗವು ಹೊಸ ಕ್ಷೇತ್ರವಾಗಿ ಪರಿಣಮಿಸಿ, ಗೊತ್ತಿಲ್ಲದ ವಿಳಾಸಗಳಿಗೆ ಅಂಚೆ ಹೋಗಬಹುದು. ಇಂತಹ ಸಂಕೇತಗಳನ್ನು ಮೊದಲೇ ತೆಗೆದುಹಾಕಬೇಕು.

ಒಂದರೊಳಗೊಂದು ಇರುವ ಟಿಪ್ಪಣಿಗಳನ್ನು ಪರ್ಲ್‌ನ ಮಾದರಿ-ಹೋಲಿಕೆಯಿಂದಲೇ ಬಿಡಿಸಲು ಯತ್ನಿಸುವುದೂ ತೊಡಕಿನದು. ಇಮೇಲ್::ಅಡ್ರೆಸ್ ಎಂಬ ಹಳೆಯ ಸಂಗ್ರಹದಲ್ಲಿ, ವಿಶೇಷವಾಗಿ ಹೆಣೆದ ವಿಳಾಸವು ಗಣಕದ ಸಮಯವನ್ನು ಮಿತಿಮೀರಿ ಕಬಳಿಸಬಲ್ಲದೆಂಬ ದೋಷ ಕಂಡುಬಂದಿತ್ತು. ಅದರ ಬದಲಿಗೆ ಇಮೇಲ್::ಅಡ್ರೆಸ್::ಎಕ್ಸ್‌ಎಸ್ ಬಳಸುವಂತೆ ಈಗ ಸೂಚಿಸಲಾಗುತ್ತದೆ.

ಎರಡು ಬಾರಿ ಸಂಕೇತಿಸುವ ದೋಷ

ಪರ್ಲ್ ಕ್ರಮವಿಧಿಯಲ್ಲಿ ಕನ್ನಡ ಪಠ್ಯವನ್ನು ನೇರವಾಗಿ ಬರೆದಾಗ, ಕಡತವು ಯುಟಿಎಫ್-8ರಲ್ಲಿದೆ ಎಂದು ಆರಂಭದಲ್ಲಿಯೇ ಘೋಷಿಸಬೇಕು. ಘೋಷಿಸಿದಲ್ಲಿ 'ಬಜಪೆ'ಯ ಉದ್ದ 4 ಎಂದೂ, ಘೋಷಿಸದಿದ್ದಲ್ಲಿ 12 ಎಂದೂ ಪರ್ಲ್ ಹೇಳುತ್ತದೆ. ಎರಡನೆಯ ಸ್ಥಿತಿಯಲ್ಲಿ ಆ 12 ಬೈಟ್‌ಗಳನ್ನು 12 ಲ್ಯಾಟಿನ್ ಅಕ್ಷರಗಳೆಂದು ತಿಳಿದು ಮತ್ತೊಮ್ಮೆ ಸಂಕೇತಿಸಿದರೆ 24 ಬೈಟ್‌ಗಳಾಗುತ್ತವೆ. ಪಡೆದವರಿಗೆ ಊರಿನ ಹೆಸರಿನ ಬದಲು ತಲೆಚಿಹ್ನೆಗಳುಳ್ಳ ಲ್ಯಾಟಿನ್ ಅಕ್ಷರಗಳ ಸಾಲು ಕಾಣಿಸುತ್ತದೆ. ಉದ್ದವನ್ನು ಮುದ್ರಿಸಿ ನೋಡುವುದು ಈ ದೋಷವನ್ನು ಪತ್ತೆಹಚ್ಚುವ ಸರಳ ಉಪಾಯ.

ಕಡತಗಳ ಹೆಸರು

ಲಗತ್ತಿಸಿದ ಕಡತದ ಹೆಸರು ಕನ್ನಡದಲ್ಲಿದ್ದರೆ ಸಂಕೇತಿತ ಪದವನ್ನು ಬಳಸುವಂತಿಲ್ಲ. ಇದಕ್ಕಾಗಿ 1997ರ ಆರ್‌ಎಫ್‌ಸಿ 2231 ಬೇರೆ ಕ್ರಮವನ್ನು ಒದಗಿಸಿದೆ. ಅದರಲ್ಲಿ ಲಿಪಿಸಂಕೇತದೊಡನೆ ಭಾಷೆಯನ್ನೂ ಸೂಚಿಸಬಹುದು. ಕನ್ನಡದ ಸೂಚಕವು 'ಕೆಎನ್' ಎಂಬ ಎರಡು ರೋಮನ್ ಅಕ್ಷರಗಳು. ಉದ್ದವಾದ ಹೆಸರನ್ನು ಕ್ರಮಸಂಖ್ಯೆಯಿರುವ ತುಂಡುಗಳಾಗಿ ಬರೆಯಬಹುದು. ವ್ಯವಹಾರದಲ್ಲಿ ಕೆಲವು ತಂತ್ರಾಂಶಗಳು ನಿಯಮ ಮೀರಿ ಸಂಕೇತಿತ ಪದವನ್ನೇ ಬಳಸುವುದರಿಂದ, ಓದುವ ಕ್ರಮವಿಧಿಗಳು ಎರಡೂ ರೂಪಗಳಿಗೆ ಸಿದ್ಧವಿರಬೇಕಾಗುತ್ತದೆ.

ಯೂನಿಕೋಡ್ ಪೂರ್ವದ ಕನ್ನಡ ಇ-ಮೇಲ್

ಯೂನಿಕೋಡ್ ಬಳಕೆ ಹರಡುವ ಮೊದಲು ಕನ್ನಡವನ್ನು ನುಡಿ, ಬರಹ ಮೊದಲಾದ ತಂತ್ರಾಂಶಗಳ ವಿಶೇಷ ಅಕ್ಷರವಿನ್ಯಾಸಗಳಲ್ಲಿ ಬರೆಯಲಾಗುತ್ತಿತ್ತು. ನುಡಿಯ ಕೀಲಿಮಣೆಗೆ ಆಧಾರವಾದ ವಿನ್ಯಾಸವನ್ನು ರೂಪಿಸಿದವರು ಮಂಗಳೂರು ಬಳಿಯ ಕಿನ್ನಿಕಂಬಳ ಮೂಲದ ಕೆ. ಪಿ. ರಾವ್. ಹಳೆಯ ಅಕ್ಷರವಿನ್ಯಾಸಗಳು ಆಸ್ಕಿ ಹಾಗೂ ಲ್ಯಾಟಿನ್ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಇರಿಸುತ್ತಿದ್ದವು. ಅವುಗಳಿಗೆ ಅಧಿಕೃತವಾಗಿ ನೋಂದಾಯಿತವಾದ ಲಿಪಿಸಂಕೇತದ ಹೆಸರಿಲ್ಲದ ಕಾರಣ, ಹೆಡರ್‌ನಲ್ಲಿ ಲಿಪಿಯನ್ನು ಘೋಷಿಸುವ ದಾರಿ ಇರಲಿಲ್ಲ. ಅದೇ ಅಕ್ಷರವಿನ್ಯಾಸವು ಪಡೆದವರ ಗಣಕದಲ್ಲಿ ಇಲ್ಲದಿದ್ದರೆ ಪತ್ರವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತಿತ್ತು. ಅಂದಿನ ಪತ್ರಗಳನ್ನು ಇಂದು ಉಳಿಸಿಕೊಳ್ಳಬೇಕಾದರೆ ಹೆಡರ್ ಬಿಡಿಸುವುದಷ್ಟೇ ಸಾಲದು. ಬರೆದ ಅಕ್ಷರವಿನ್ಯಾಸವನ್ನು ಗುರುತಿಸಿ ಯೂನಿಕೋಡ್‌ಗೆ ಪರಿವರ್ತಿಸಬೇಕು.

ಇತ್ತೀಚಿನ ಬೆಳವಣಿಗೆಗಳು

2012ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 6531 ಮತ್ತು 6532ರ ಮೂಲಕ ಹೆಡರ್‌ನಲ್ಲಿ ಯುಟಿಎಫ್-8 ಪಠ್ಯವನ್ನು ನೇರವಾಗಿ ಬರೆಯಲು, ವಿಳಾಸವನ್ನೇ ಬೇರೆ ಲಿಪಿಗಳಲ್ಲಿ ಇರಿಸಿಕೊಳ್ಳಲು ಅವಕಾಶ ದೊರೆಯಿತು. ಭಾರತದ ಡೊಮೇನ್ ಹೆಸರು '.ಭಾರತ' ಎಂದು ಕನ್ನಡ ಲಿಪಿಯಲ್ಲಿಯೂ ಇದೆ. ಆದರೆ ಸಂದೇಶ ಸಾಗುವ ಹಾದಿಯ ಸರ್ವರ್‌ಗಳು ಈ ವಿಸ್ತರಣೆಯನ್ನು ಬೆಂಬಲಿಸಿದರೆ ಮಾತ್ರ ಇಂತಹ ಅಂಚೆ ತಲಪುತ್ತದೆ. ಆದ್ದರಿಂದ ತೋರಿಕೆಯ ಹೆಸರು ಕನ್ನಡದಲ್ಲಿ, ವಿಳಾಸವು ಆಸ್ಕಿಯಲ್ಲಿ ಇರುವ ಹಳೆಯ ಕ್ರಮವೂ, ಅದನ್ನು ಸರಿಯಾಗಿ ಬಿಡಿಸುವ ಪರ್ಲ್ ಸಂಗ್ರಹಗಳೂ ತಮ್ಮ ಉಪಯುಕ್ತತೆಯನ್ನು ಉಳಿಸಿಕೊಂಡಿವೆ.