ಎರಡು ಬಣ್ಣದ ಮಸಿ

ನನ್ನ ತಂದೆಯವರ ಮನೆಖರ್ಚಿನ ಪುಸ್ತಕವೊಂದು ನನ್ನಲ್ಲಿದೆ. ಅದರ ಕೊನೆಯ ಹನ್ನೆರಡು ಪುಟಗಳು ಖಾಲಿ. ಅವರು ಬಿಟ್ಟ ಕಡೆಯಿಂದ, ಅವರ ಪೆನ್ನಿನಿಂದಲೇ, ಅವರ ಅಕ್ಷರದ ಬಣ್ಣದಲ್ಲಿಯೇ ನಮ್ಮ ಮನೆತನದ ವೃತ್ತಾಂತವನ್ನು ಬರೆದಿಡಬೇಕೆಂಬ ಹಂಬಲ ಹೋದ ವರ್ಷ ನನ್ನನ್ನು ಹಿಡಿಯಿತು. ಆ ಬಣ್ಣ ನೀಲಿಯಲ್ಲ, ಕಪ್ಪಲ್ಲ. ಅಡಿಕೆ ಚೊಗರಿನ ಕಂದು. ಅಂಗಡಿಯಲ್ಲಿ ಅಂಥ ಮಸಿ ದೊರೆಯಲಿಲ್ಲ. ಬೆರೆಸಿಕೊಂಡರಾಯಿತೆಂದು ಹಳೆಯ ಬಗೆಯ ನೀಲಿಗಪ್ಪು ಮಸಿಗೆ ಕೆಂಪು ಮಸಿಯನ್ನು ಹನಿಹನಿಯಾಗಿ ಸೇರಿಸಿದೆ. ಮೂರನೆಯ ದಿನ ನೋಡಿದರೆ ಕುಪ್ಪಿಯ ತಳದಲ್ಲಿ ಗಸಿ. ತಂದೆಯವರ ಪೆನ್ನಿನ ಗಂಟಲು ಕಟ್ಟಿಹೋಗಿತ್ತು!

ಕಾರಣ ಹುಡುಕಹೊರಟವನಿಗೆ ಮಸಿಯ ಚರಿತ್ರೆಯೇ ಎದುರಾಯಿತು.

ಯೂರೋಪಿನವರು ನೂರಾರು ವರ್ಷ ಬರೆದದ್ದು ಓಕ್ ಮರದ ಗಂಟುಗಳ ಒಗರು ರಸಕ್ಕೆ ಅನ್ನಭೇದಿ ಬೆರೆಸಿದ ಮಸಿಯಲ್ಲಿ. ನಮ್ಮ ಗ್ರಂಥಿಗೆ ಅಂಗಡಿಯವರು ಮಾಚಿಕಾಯಿ ಎಂದು ಮಾರುವುದು ಆ ಗಂಟುಗಳನ್ನೇ. ಈ ಮಸಿಯಲ್ಲೊಂದು ತೊಡಕು: ಹೊಸದಾಗಿದ್ದಾಗ ಬರೆದದ್ದು ಸರಿಯಾಗಿ ಕಾಣದು, ಗಾಳಿ ತಾಗಿದ ಮೇಲಷ್ಟೇ ಕಪ್ಪಾಗುವುದು. ಮೊದಲೇ ಕಪ್ಪಾಗಲೆಂದು ಕಾದರೆ ಕಣಗಟ್ಟುವುದು. 1832ರಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಸ್ಟೀಫನ್ಸ್ ನೀಲಿಗಪ್ಪು ಮಸಿಯ ವ್ಯಾಪಾರ ಆರಂಭಿಸಿದ. ಕವಿ ಕೀಟ್ಸ್ ವೈದ್ಯವಿದ್ಯಾರ್ಥಿಯಾಗಿದ್ದಾಗ ಅವನೊಡನೆ ಒಂದೇ ಬಿಡಾರದಲ್ಲಿದ್ದವನು ಈತ. 1856ರಲ್ಲಿ ಡ್ರೆಸ್ಡೆನ್ನಿನ ಆಗಸ್ಟ್ ಲಿಯೋನ್‌ಹಾರ್ಡಿ ಇಂಥ ಕಬ್ಬಿಣದ ಮಸಿಗೆ ನೀಲಿ ಬೆರೆಸಿ ಪೇಟೆಂಟು ಪಡೆದ. ನೀಲಿ ಈ ಕ್ಷಣದ ಕಣ್ಣಿಗೆ, ಕಬ್ಬಿಣ ಮುಂದಿನ ಕಾಲಕ್ಕೆ. ಅಂದರೆ, ನಾವು ಒಂದೇ ಎಂದು ತಿಳಿದ ನೀಲಿಗಪ್ಪು ಮಸಿಯೇ ಒಂದು ಬೆರಕೆ!

ಅದೇ 1856ರಲ್ಲಿ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಕ್ವಿನೈನು ಮಾಡಹೋಗಿ ನೇರಳೆ ಬಣ್ಣವನ್ನು ಕಂಡುಹಿಡಿದ. ಅಲ್ಲಿಂದ ಕೃತಕ ಬಣ್ಣಗಳ ಸುಗ್ಗಿ. 1870ರ ದಶಕದಲ್ಲಿ ಜರ್ಮನಿಯಲ್ಲಿ ಬಂದ ಇಯೋಸಿನ್ ಎಂಬುದು ಕೆಂಪು ಮಸಿಯ ಜೀವಾಳವಾಯಿತು. ನನ್ನ ಕುಪ್ಪಿಯಲ್ಲಿದ್ದುದೂ ಅದೇ. ಕಬ್ಬಿಣ ತಳಕ್ಕಿಳಿಯದಿರಲೆಂದು ನೀಲಿಗಪ್ಪು ಮಸಿಗೆ ಆಮ್ಲ ಸೇರಿಸಿರುತ್ತಾರೆ. ಇಯೋಸಿನ್ನಿಗೋ ಆಮ್ಲವೆಂದರೆ ಆಗದು. ಹುಳಿ ಬಿದ್ದ ಹಾಲಿನಂತೆ ಅದು ಒಡೆದು ಬೇರೆಯಾಗುತ್ತದೆ. ಬಣ್ಣಗಳು ಕಣ್ಣಿಗೆ ಹೊಂದಿದರೆ ಸಾಲದು, ಗುಣಗಳೂ ಹೊಂದಬೇಕು. ಬೆರೆಸುವ ಆಸೆಯುಳ್ಳವರು ನಾಲ್ಕು ಹನಿಯನ್ನು ಗಾಜಿನ ಶೀಷೆಯಲ್ಲಿ ಬೆರೆಸಿ, ವಾರವೊಪ್ಪತ್ತು ಕಾದುನೋಡಿ, ಆಮೇಲೆ ಪೆನ್ನಿಗೆ ತುಂಬುವುದು ಲೇಸು.

ಇಷ್ಟೆಲ್ಲ ಓದಿದ ಮೇಲೆ ಪುಸ್ತಕವನ್ನು ಮತ್ತೆ ತೆರೆದೆ. ತಂದೆಯವರು ಕಂದು ಮಸಿಯಲ್ಲಿ ಎಂದೂ ಬರೆದವರಲ್ಲ. ಅವರ ಮೇಜಿನ ಮೇಲಿದ್ದುದು ನೀಲಿಗಪ್ಪು ದೌತಿಯೇ. ಬರೆದಾಗ ನೀಲಿಯಾಗಿದ್ದ ಅಕ್ಷರ ಕಪ್ಪಾಗಿ, ವರ್ಷಗಳು ಕಳೆದಂತೆ ನೀಲಿ ಮಾಸಿ, ಕಬ್ಬಿಣ ಕಂದಿಗೆ ತಿರುಗಿತ್ತು. ನಾನು ಹನಿ ಲೆಕ್ಕದಲ್ಲಿ ಹುಡುಕಿದ ಬಣ್ಣವನ್ನು ಬೆರೆಸಿದ್ದು ಕಾಲ!

ಪೆನ್ನನ್ನು ಎರಡು ದಿನ ನೀರಿನಲ್ಲಿ ನೆನೆಸಿ ತೊಳೆದೆ. ಈಗಲೂ ಕೆಲವೆಡೆ ದೊರೆಯುವ ಕಬ್ಬಿಣದ ಮಸಿಯನ್ನು, ಏನೂ ಬೆರೆಸದೆ, ತುಂಬಿದೆ. ಹದಿಮೂರನೆಯ ಪುಟದ ಲೆಕ್ಕವನ್ನು ದೇವರಿಗೆ ಬಿಟ್ಟು, ಮೊದಲನೆಯ ಖಾಲಿ ಪುಟದಲ್ಲಿ ತಂದೆಯವರ ಹೆಸರನ್ನು ಬರೆದೆ. ಅವರ ಕಂದು ಸಾಲಿನ ಕೆಳಗೆ ನನ್ನ ನೀಲಿ ಸಾಲು ಅಪರಿಚಿತನಂತೆ ನಿಂತಿದೆ. ನಿಲ್ಲಲಿ. ಮೊಮ್ಮಕ್ಕಳು ತೆರೆಯುವ ಹೊತ್ತಿಗೆ ಎರಡೂ ಒಂದೇ ಬಣ್ಣಕ್ಕೆ ಬಂದಿರುತ್ತವೆ.